ಪಕ್ಕದ ಕೋಣೆಯವನ ಕೆಂಪಕ್ಕಿ

ಕುಕ್ಕರಿನ ಮುಚ್ಚಳ ತೆಗೆದಾಗ ಕುಚ್ಚಲಕ್ಕಿಯ ವಾಸನೆ ಎಂದೇ ಅಂದುಕೊಂಡೆ. ಮರುಕ್ಷಣ ಅನುಮಾನ ಬಂತು. ಕುಚ್ಚಲಕ್ಕಿ ಬೇಯುವಾಗ ಒದ್ದೆ ಗೋಣಿಯ ಹಾಗೆ ಒಂದು ಹಬೆ ಏಳುತ್ತದೆ. ಇದರಲ್ಲಿ ಅದೂ ಇತ್ತು, ಅದರ ಹಿಂದೆ ಬಿಸಿಲಿಗೆ ಕಾದ ಮಣ್ಣಿನಂಥದ್ದು, ಹುರಿದ ಕಾಳಿನಂಥದ್ದು ಇನ್ನೇನೋ ಇತ್ತು...

ಇದು ಸೌದಿಯ ಅಲ್ ಅಹ್ಸಾ ಪ್ರದೇಶದ ಕೆಂಪಕ್ಕಿ. ಇಲ್ಲಿನವರು ಹಸಾವಿ ಅಕ್ಕಿ ಎನ್ನುತ್ತಾರೆ. ಇಲ್ಲಿನ ಮುಖ್ಯ ಪಟ್ಟಣ ಹುಫೂಫ್‌ನ ಹಳೆಯ ಮಾರುಕಟ್ಟೆಯ ಹೊರಗೆ ಒಬ್ಬ ಮುದುಕಿ ನೆಲದ ಮೇಲೆ ಚಾಪೆ ಹಾಸಿ, ಸಣ್ಣ ಸಣ್ಣ ಚೀಲಗಳಲ್ಲಿ ಇದನ್ನು ಮಾರುತ್ತಾಳೆ. ಈ ಊರಿನಲ್ಲಿ ಬೆಳೆದವನಾದರೂ ನಾನು ಇದನ್ನು ಕೊಂಡದ್ದು ಕಳೆದ ವಾರ, ಮೊದಲ ಸಲ. ಇದಕ್ಕೂ ಮೊದಲು ಉಂಡದ್ದು ಒಂದೇ ಸಲ. ಅದೂ ಇಲ್ಲಲ್ಲ, ಜಪಾನಿನಲ್ಲಿ, ಒಂದು ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ. ಬೇಯಿಸಿದವನು ನನ್ನ ಪಕ್ಕದ ಕೋಣೆಯವನು.

ವಾಸನೆಯೇ ಅವನ ನೆನಪನ್ನು ತಂದಿತು ಎಂದು ಬರೆದರೆ ಓದುವುದಕ್ಕೆ ಹಿತವಾಗಿರುತ್ತದೆ. ನನಗೆ ಅದರ ಮೇಲೆ ನಂಬಿಕೆ ಇಲ್ಲ. ಅವನ ನೆನಪು ಬರಲಿ ಎಂದೇ ನಾನು ಆ ಮುದುಕಿಯ ಮುಂದೆ ಹೋಗಿ ನಿಂತಿರಬಹುದು.

ಮೊದಲು ನಮ್ಮ ಮನೆಯ ಒಂದು ವಿಷಯ ಹೇಳಬೇಕು. ಅದಿಲ್ಲದಿದ್ದರೆ ನಾನು ಅಲ್ಲಿ ನಡೆದುಕೊಂಡ ರೀತಿ ಬರೀ ಸಣ್ಣತನವಾಗಿ ಕಾಣುತ್ತದೆ. ಹೇಳಿದ ಮೇಲೂ ಹಾಗೇ ಕಾಣಬಹುದು.

ಏಳನೆಯ ತರಗತಿಯವರೆಗೆ ನಾನು ಬಂಟ್ವಾಳದ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಓದಿದವನು. ಆಮೇಲೆ ಉಮ್ಮ, ತಂಗಿ ಮತ್ತು ನಾನು ಹುಫೂಫ್‌ಗೆ, ನಮ್ಮ ಅಪ್ಪ ಅಂದರೆ ಉಪ್ಪನ ಹತ್ತಿರ ಬಂದೆವು. ಉಪ್ಪ ಎಸಿ ರಿಪೇರಿ ಮಾಡುತ್ತಿದ್ದರು. ಆದರೆ ಅವರ ಇಕಾಮಾದಲ್ಲಿ, ಅಂದರೆ ಈ ದೇಶದಲ್ಲಿ ಇರಲು ಕೊಡುವ ಕಾರ್ಡಿನಲ್ಲಿ, ಮಾರಾಟ ವಿಭಾಗದ ಮ್ಯಾನೇಜರ್ ಎಂದಿತ್ತು. ಮೆಕ್ಯಾನಿಕ್ ಆದವನಿಗೆ ಹೆಂಡತಿ ಮಕ್ಕಳನ್ನು ಕರೆಸುವ ವೀಸಾ ಸಿಗುತ್ತಿರಲಿಲ್ಲ. ಮ್ಯಾನೇಜರ್ ಆದವನಿಗೆ ಸಿಗುತ್ತಿತ್ತು. ಅವರ ಕಫೀಲ್, ವೀಸಾ ಕೊಟ್ಟ ಯಜಮಾನ, ನಮ್ಮ ಮೇಲಿನ ಮರುಕಕ್ಕೋ ಬೇರೆ ಯಾವ ಕಾರಣಕ್ಕೋ ಹಾಗೆ ಬರೆಸಿಕೊಟ್ಟಿದ್ದ. ನಾವು ಮೂವರು ಆ ಒಂದು ಶಬ್ದದ ಮೇಲೆ ಈ ಊರಿನಲ್ಲಿ ನಿಂತಿದ್ದೆವು.

ಹಾಗಾಗಿ ವಿಮಾನ ಇಳಿದ ದಿನವೇ ನನಗೂ ತಂಗಿಗೂ ಪಾಠವಾಯಿತು. ಉಪ್ಪ ಎಂತ ಮಾಡುದು ಅಂತ ಯಾರಾದ್ರೂ ಕೇಳಿದ್ರೆ ‘ಕಂಪನಿ’ ಅನ್ನಬೇಕು. ಯಾವ ಕಂಪನಿ ಅಂದ್ರೆ ‘ಗೊತ್ತಿಲ್ಲ’ ಅನ್ನಬೇಕು. ಮೂರನೇ ಪ್ರಶ್ನೆ ಬಂದ್ರೆ ಉಮ್ಮ ಕರೀತಿದ್ದಾರೆ ಅಂತ ಓಡಬೇಕು. ತಂಗಿ ಇದನ್ನು ಆಟದ ಹಾಗೆ ಕಲಿತಳು. ನಾನು ನಿಯಮದ ಹಾಗೆ ಕಲಿತೆ.

ಶಾಲೆಗೆ ರಜೆ ಇದ್ದಾಗ ಉಪ್ಪ ನನ್ನನ್ನು ಕೆಲಸಕ್ಕೆ ಕರೆದೊಯ್ಯುತ್ತಿದ್ದರು. ಗಂಡಸರಿಲ್ಲದ ಹೊತ್ತಿನಲ್ಲಿ ಮನೆಯ ಹೆಂಗಸರು ಬಾಗಿಲ ಹಿಂದಿನಿಂದ ಮಾತಾಡುತ್ತಿದ್ದರು: ನೀರು ಸೋರುತ್ತದೆ, ಸದ್ದು ಮಾಡುತ್ತದೆ, ಮೊನ್ನೆ ಬಂದವನು ಹಾಳು ಮಾಡಿದ. ನಾನು ಅದನ್ನು ಕೇಳಿ ಏಣಿಯ ಮೇಲಿದ್ದ ಉಪ್ಪನಿಗೆ ಹೇಳಬೇಕು. ಹೀಗೆ ನನ್ನ ಅರಬಿ ಬಾಗಿಲ ಹಿಂದಿನ ಅರಬಿ. ಹುಫೂಫ್‌ನ ಅಜ್ಜಿಯರ ಅರಬಿ. ನನಗದು ಈಗಲೂ ಕನ್ನಡದಷ್ಟೇ ಸರಾಗ.

ಮಂಗಳೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಉಪ್ಪುನೀರನ್ನು ಸಿಹಿನೀರು ಮಾಡುವ ವಿದ್ಯೆ ಓದಲು ಜಪಾನಿನಲ್ಲಿ ಸೀಟು ಸಿಕ್ಕಾಗ ತಂಗಿ ಹನ್ನೆರಡನೆಯ ತರಗತಿಯಲ್ಲಿದ್ದಳು. ಮಾರ್ಚ್‌ನಲ್ಲಿ ಅವಳ ಪರೀಕ್ಷೆ. ಅಲ್ಲಿಯವರೆಗೆ ಉಪ್ಪನ ಇಕಾಮಾಕ್ಕೆ ಏನೂ ಆಗಬಾರದು. ದಮ್ಮಾಮ್ ವಿಮಾನ ನಿಲ್ದಾಣಕ್ಕೆ ಹೊರಡುವಾಗ ಉಪ್ಪ ನನ್ನ ಸಾಮಾನನ್ನು ಗಲ್ಫಿನವರು ಎಲ್ಲರೂ ಕಟ್ಟುವ ಹಾಗೆ ಕಟ್ಟಿದರು. ಖರ್ಜೂರದ ದೊಡ್ಡ ಕಾರ್ಟನ್, ಅದಕ್ಕೆ ಸುತ್ತಲೂ ಟೇಪು, ಟೇಪಿನ ಮೇಲೆ ಕೇಸರಿ ಬಣ್ಣದ ಪ್ಲಾಸ್ಟಿಕ್ ಹಗ್ಗ, ಹಗ್ಗದ ನಡುವೆ ಕಪ್ಪು ಮಾರ್ಕರಿನಲ್ಲಿ ನನ್ನ ಹೆಸರು, ಕೆಳಗೆ ಅರಬಿಯಲ್ಲಿ ಅಲ್ ಅಹ್ಸಾ.

ಇಷ್ಟು ಜಾಗ್ರತೆಯ ಮನುಷ್ಯ ಇದನ್ನು ಹೇಗೆ ಬರೆದರು? ನಾನು ಹೇಗೆ ನೋಡುತ್ತ ನಿಂತೆ? ಬೇರೆ ಯಾವ ರೀತಿಯಲ್ಲಾದರೂ ಕಾರ್ಟನ್ ಕಟ್ಟಬಹುದು ಎಂದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ.

ವಿದ್ಯಾರ್ಥಿನಿಲಯದ ಬಾಗಿಲಲ್ಲಿ ಬೂಟು ಬಿಚ್ಚಿ ಚಪ್ಪಲಿ ಹಾಕಿಕೊಳ್ಳಬೇಕಿತ್ತು. ಅಕ್ಟೋಬರ್ ತಿಂಗಳು. ಬೀದಿಯಲ್ಲಿ ಯಾವುದೋ ಹೂವು, ಊರಿಡೀ ಯಾರೋ ಅತ್ತರಿನ ಬಾಟಲಿ ಒಡೆದ ಹಾಗೆ. ನಾನು ಒಂದು ಕೈಯಲ್ಲಿ ಕಾರ್ಟನ್ ಹಿಡಿದು ಇನ್ನೊಂದು ಕೈಯಲ್ಲಿ ಲೇಸು ಬಿಚ್ಚಲು ಒದ್ದಾಡುತ್ತಿದ್ದಾಗ ಒಬ್ಬ ಬಂದು ಕಾರ್ಟನ್ ಎತ್ತಿಕೊಂಡ. ದುಂಡು ಮುಖ, ಕನ್ನಡಕ, ಇನ್ನೂ ಸರಿಯಾಗಿ ಬಾರದ ಗಡ್ಡ. ನನಗಿಂತ ಎರಡು ವರ್ಷ ಚಿಕ್ಕವನು ಎಂದು ಆಮೇಲೆ ತಿಳಿಯಿತು.

“ಎಲ್ಲಿಯವನು ನೀನು?” ಇಂಗ್ಲಿಷಿನಲ್ಲಿ ಕೇಳಿದ.

“ಇಂಡಿಯಾ. ಮಂಗಳೂರು.”

“ನಾನು ಸೌದಿ. ಅಲ್ ಅಹ್ಸಾ ಅಂತ ಊರು. ಗೊತ್ತಾ?”

“ಇಲ್ಲ,” ಎಂದೆ. “ಎಲ್ಲಿ ಬರುತ್ತದೆ ಅದು?”

ಯೋಚಿಸಿ ಹೇಳಿದ ಸುಳ್ಳಲ್ಲ. ಮೂರನೆಯ ಪ್ರಶ್ನೆಗೆ ಓಡುವ ಕಾಲು ತಾನಾಗಿ ಓಡಿತು ಅಷ್ಟೆ. ಅವನು ಕಾರ್ಟನ್ನನ್ನು ಮೆಟ್ಟಿಲ ಮೇಲಿಟ್ಟು ಫೋನಿನ ನಕ್ಷೆ ತೆರೆದ. ನಾನು ಬೆಳೆದ ಊರನ್ನು ನನಗೆ ತೋರಿಸತೊಡಗಿದ. ಇದೆಲ್ಲ ಖರ್ಜೂರದ ತೋಟ. ಇಲ್ಲಿ ನೆಲದಿಂದ ಬಿಸಿನೀರು ಬರುತ್ತದೆ, ನಂಬುತ್ತೀಯಾ? ಇದು ಹಳೆಯ ಮಾರುಕಟ್ಟೆ. ಅವನ ಬೆರಳು ನಮ್ಮ ಬೀದಿಯ ಮೇಲೆ ಹಾದುಹೋಯಿತು. ನಮ್ಮ ಫ್ಲಾಟಿನ ತಾರಸಿ ಒಂದು ಕ್ಷಣ ಅವನ ಉಗುರಿನ ಕೆಳಗೆ ಇತ್ತು. ನಾನು “ಓ, ಹೌದಾ” ಎಂದೆ. ಪ್ರವಾಸಿಗರು ಅನ್ನುವ ಹಾಗೆ.

ಅವನು ತನ್ನ ಮನೆಯನ್ನೂ ತೋರಿಸಿದ. ಆ ಮನೆಯ ಎಸಿಯನ್ನು ಉಪ್ಪನೂ ನಾನೂ ಒಮ್ಮೆ ರಿಪೇರಿ ಮಾಡಿದ್ದೆವು ಎಂದು ಬರೆದರೆ ಈ ಲೇಖನಕ್ಕೆ ಒಳ್ಳೆಯದಾಗುತ್ತದೆ. ಎರಡು ಸಲ ಬರೆದು ಹೊಡೆದುಹಾಕಿದ್ದೇನೆ. ಮಾಡಿದ್ದೆವೋ ಇಲ್ಲವೋ ಗೊತ್ತಾಗುವ ದಾರಿ ಇಲ್ಲ. ಮೇಲಿನಿಂದ ನೋಡಿದರೆ ಎಲ್ಲ ಮನೆಗಳೂ ನೀರಿನ ಟ್ಯಾಂಕು ಮತ್ತು ಎಸಿ ಡಬ್ಬಿಗಳೇ.

ಕೋಣೆಗೆ ಹೋದ ಕೂಡಲೇ ಕಾರ್ಟನ್ನಿನ ಬರಹವಿದ್ದ ಕಡೆಯನ್ನು ಗೋಡೆಗೆ ತಿರುಗಿಸಿ ಇಟ್ಟೆ. ಅವನು ಅದನ್ನು ಓದಿರಲಾರ ಎಂದುಕೊಂಡೆ. ಹಾಗೆ ಅಂದುಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಮೊದಲ ದಿನಗಳ ಜಪಾನು ಎಂದರೆ ನನಗೆ ಜಪಾನಿನವರ ನೆನಪೇ ಕಡಿಮೆ. ನಗರ ಕಚೇರಿಯಲ್ಲಿ ಸಾಲು ನಿಂತು ವಿಳಾಸ ಬರೆಸಿಕೊಂಡ ಕಾರ್ಡು ಕೈಗೆ ಬಂದಾಗ, ಓಹೋ ಇದು ಇಕಾಮಾದ ತಂಗಿ ಎಂದುಕೊಂಡದ್ದು ನೆನಪಿದೆ. ಅಂಗಡಿಯಲ್ಲಿ ಒಂದು ಪೊಟ್ಟಣ ಹಿಡಿದು, ಅದರಲ್ಲಿ ಹಂದಿಮಾಂಸ ಇದೆಯೋ ಇಲ್ಲವೋ ಎಂದು ಅಕ್ಷರಗಳನ್ನು ಚಿತ್ರಗಳಂತೆ ಹೋಲಿಸಿ ನೋಡುತ್ತ ಹದಿನೈದು ನಿಮಿಷ ನಿಂತದ್ದು ನೆನಪಿದೆ. ಉಳಿದಂತೆ ಆ ದಿನಗಳ ತುಂಬ ಇರುವುದು ಅವನೇ. ಅವನು ಅಲ್ಲಿ ಭಾಷೆ ಕಲಿಯಲು ಬಂದಿದ್ದ, ಒಂದು ವರ್ಷದ ನಂತರ ಕಾಲೇಜು. ಗೋಡೆ ತೆಳ್ಳಗಿತ್ತು. ಅವನು ಕೆಮ್ಮಿದರೆ ನನಗೆ ಕೇಳುತ್ತಿತ್ತು.

ಅವನು ಕೇಳುತ್ತಿದ್ದ ಪ್ರಶ್ನೆಗಳನ್ನು ನಾನು ಒಂದೊಂದಾಗಿ ತೂಗುತ್ತಿದ್ದೆ. ಗಲ್ಫಿನಲ್ಲಿ ನಿಮ್ಮವರು ಯಾರಾದರೂ ಇದ್ದಾರಾ? ಅಪ್ಪ ಏನು ಕೆಲಸ? ಕಂಪನಿ? ಯಾವ ಕಂಪನಿ? ನಮಾಜು ಮಾಡುತ್ತೀಯಲ್ಲ, ಅರಬಿ ಬರುವುದಿಲ್ಲವಾ? “ಓದಲು ಬರುತ್ತದೆ, ಅರ್ಥ ಆಗುವುದಿಲ್ಲ,” ಎಂದೆ. ಒಂದು ದಿನ ಸುಮ್ಮನೆ ಮಾತಿನ ನಡುವೆ, ತನ್ನ ಸೋದರಮಾವ ಜವಾಜಾತ್‌ನಲ್ಲಿದ್ದಾನೆ ಎಂದ. ಇಕಾಮಾ ಕೊಡುವ, ಹೊರದೇಶದವರ ಕಾಗದ ನೋಡುವ ಸರಕಾರಿ ಕಚೇರಿ ಅದು. ಸುಮ್ಮನೆ ಹೇಳಿದನೋ? ಹೇಳಿ ನನ್ನ ಮುಖ ನೋಡಿದನೋ? ನೋಡಿದ ಎಂದು ಆವತ್ತು ನನಗೆ ಖಾತ್ರಿ ಇತ್ತು. ಇವತ್ತು ಆ ಮುಖವನ್ನು ನೆನೆಸಿಕೊಂಡರೆ ಕನ್ನಡಕದ ಗಾಜು ಒರೆಸುತ್ತಿರುವ ಒಬ್ಬ ಹುಡುಗ ಮಾತ್ರ ಕಾಣುತ್ತಾನೆ...

ಮೊದಲ ವಾರವೇ ನನ್ನ ಬಾಗಿಲ ಮುಂದೆ ಒಂದು ಖರ್ಜೂರದ ಡಬ್ಬಿ ಇಟ್ಟುಹೋಗಿದ್ದ. ನಮ್ಮ ಊರಿನ ಖಲಾಸ್ ಎಂಬ ತಳಿಯ ಖರ್ಜೂರ. ಅದನ್ನು ನೋಡಿ ಬಾಯಲ್ಲಿ ನೀರೂ ಬಂತು, ಭಯವೂ ಆಯಿತು. ಇದು ಪರೀಕ್ಷೆ. ತಿಂದರೆ, ರುಚಿ ಗೊತ್ತಿದೆ ಎಂದು ಮುಖವೇ ಹೇಳಿಬಿಡುತ್ತದೆ. ಡಬ್ಬಿ ಹಾಗೇ ಕಸದ ಚೀಲಕ್ಕೆ ಹೋಯಿತು.

ಆದರೆ ಆ ದೇಶದಲ್ಲಿ ಕಸವೂ ಸುಮ್ಮನೆ ಹೋಗುವುದಿಲ್ಲ. ಸುಡುವ ಕಸಕ್ಕೆ ಒಂದು ದಿನ, ಪ್ಲಾಸ್ಟಿಕ್ಕಿಗೆ ಒಂದು ದಿನ, ಕಾಗದಕ್ಕೆ ಒಂದು ದಿನ. ನಾನು ಮೂರನ್ನೂ ಒಟ್ಟಿಗೆ ತುಂಬಿ ತಪ್ಪು ದಿನ ಇಟ್ಟಿದ್ದೆ. ಸಂಜೆ ಬಂದು ನೋಡಿದರೆ ನಿಲಯದ ಮೇಲ್ವಿಚಾರಕರು, ಯಾವಾಗಲೂ ಬೂದು ಬಣ್ಣದ ಜಾಕೆಟ್ ಹಾಕುತ್ತಿದ್ದ ಮುದುಕರು, ಆ ಚೀಲವನ್ನು ವಾಪಸ್ಸು ತಂದು, ಕೆಂಪು ಚೀಟಿ ಅಂಟಿಸಿ, ಅಡುಗೆಮನೆಯ ಮೇಜಿನ ನಡುವೆ ಇಟ್ಟಿದ್ದರು. ಚೀಲ ಪಾರದರ್ಶಕ. ಡಬ್ಬಿ ಎಲ್ಲರಿಗೂ ಕಾಣುತ್ತಿತ್ತು. ಮೇಜಿನ ಎದುರು ಪಕ್ಕದ ಕೋಣೆಯವನು ಕೂತಿದ್ದ.

ಅವನು ಚೀಲ ಬಿಚ್ಚಿದ. ಪ್ಲಾಸ್ಟಿಕ್ ಮುಚ್ಚಳ ಒಂದು ಕಡೆ, ಕಾಗದದ ಡಬ್ಬಿ ಒಂದು ಕಡೆ ಇಟ್ಟ. ಖರ್ಜೂರವನ್ನು ಒಂದು ತಟ್ಟೆಗೆ ಸುರಿದು, ಒಂದನ್ನು ಬಾಯಿಗೆ ಹಾಕಿಕೊಂಡ.

“ಹಾಳಾಗಿಲ್ಲ. ಯಾಕೆ ಬಿಸಾಡಿದೆ?”

“ನನಗೆ ಖರ್ಜೂರ ಆಗುವುದಿಲ್ಲ.”

“ಮತ್ತೆ ರಮದಾನಿನಲ್ಲಿ ಉಪವಾಸ ಹೇಗೆ ಬಿಡುತ್ತೀಯ?”

“ನೀರು,” ಎಂದೆ.

ಅವನು ಬೀಜವನ್ನು ಅಂಗೈಗೆ ಉಗುಳಿಕೊಂಡು ಅದನ್ನೇ ನೋಡುತ್ತ ಕೂತ. “ಇದು ಸುಡುವ ಕಸವೋ?” ಎಂದು ಕೇಳಿದ. ತಮಾಷೆಗೇ ಕೇಳಿದ್ದು. ನಾನು ನಗಲಿಲ್ಲ. ಸುಡುವ ಕಸ ಎಂದು ಗಂಭೀರವಾಗಿ ಉತ್ತರ ಕೊಟ್ಟೆ.

ಕೆಂಪಕ್ಕಿ ಬೇಯಿಸಿದ್ದು ಅದಾದ ಎರಡು ಮೂರು ದಿನಕ್ಕೆ. ಅಂಟು ಅಂಟಾದ ಬಿಳಿ ಅನ್ನ ತಿಂದು ತಿಂದು ನನ್ನ ನಾಲಗೆ ಸತ್ತುಹೋಗಿತ್ತು. ಮೆಟ್ಟಿಲು ಹತ್ತುವಾಗಲೇ ವಾಸನೆ ಬಂತು. ಒಂದು ಕ್ಷಣ ಯಾವ ಊರಿನಲ್ಲಿದ್ದೇನೆ ಎಂದು ತಿಳಿಯದಾಯಿತು. ಊರಿನ ಅಜ್ಜಿಮನೆಯಲ್ಲಿ ಗಂಜಿ ಬಸಿಯುತ್ತಿದ್ದಾರೆ. ಜೊತೆಗೆ ಒಣ ಸಿಗಡಿ. ಅಡುಗೆಮನೆಯಲ್ಲಿ ಅವನು ಪಾತ್ರೆ ಕೆದಕುತ್ತಿದ್ದ. ಕನ್ನಡಕದ ತುಂಬ ಹಬೆ.

“ಬಾ,” ಎಂದ. “ಇದೂ ಆಗುವುದಿಲ್ಲವಾ?”

ನಾನು ಎರಡು ತಟ್ಟೆ ಉಂಡೆ. ಕೈಯಲ್ಲಿ ಕಲಸಿ ಉಂಡೆ. ಅವನೂ ಕೈಯಲ್ಲೇ ಉಂಡ. ಹೆರಿಗೆಯಾದ ಹೆಂಗಸರಿಗೆ ಇದನ್ನು ಕೊಡುತ್ತಾರೆ, ಶಕ್ತಿ ಬರುತ್ತದೆ, ನಮಗೂ ಈಗ ಅದೇ ಸ್ಥಿತಿ ಎಂದು ನಗಿಸಿದ. ಆ ಅರ್ಧ ಗಂಟೆ ನನಗೆ ಅವನ ಮೇಲೆ ಸಂಶಯ ಇರಲಿಲ್ಲ. ಅಥವಾ ಹೊಟ್ಟೆ ತುಂಬುತ್ತಿದ್ದುದರಿಂದ ಸಂಶಯಕ್ಕೆ ಜಾಗ ಇರಲಿಲ್ಲ.

ಮರುದಿನ ಸಂಜೆ ಏಳು ಗಂಟೆಯ ಹೊತ್ತು. ಹುಫೂಫ್‌ನಲ್ಲಿ ಆಗ ಮಧ್ಯಾಹ್ನದ ಒಂದು. ಅವನು ಅಡುಗೆಮನೆಯಲ್ಲಿ ತಾಯಿಯ ಜೊತೆ ಫೋನಿನಲ್ಲಿದ್ದ. ನಾನು ಒಳಗೆ ಬಂದು ತಟ್ಟೆ ತೊಳೆಯತೊಡಗಿದೆ. ನನಗೆ ಅರಬಿ ಬಾರದು ಎಂದು ಅವನಿಗೆ ಗೊತ್ತಲ್ಲ. ಹಾಗಾಗಿ ಅವನು ದನಿ ತಗ್ಗಿಸಲಿಲ್ಲ.

“ಒಬ್ಬನೇ ಅಲ್ಲ ಯುಮ್ಮಾ. ಎಷ್ಟು ಸಲ ಹೇಳಲಿ? ನಮ್ಮ ಊರಿನವನೇ ಒಬ್ಬ ಇದ್ದಾನೆ. ಹೌದು, ಹುಫೂಫ್‌ನವನು. ಹಿಂದಿ, ಇಂಡಿಯಾದವನು. ಅವನ ಕಾರ್ಟನ್ನಿನ ಮೇಲೆ ಬರೆದಿತ್ತು, ನಾನೇ ಹೊತ್ತದ್ದು. ಯಾಕೋ ಅವನು ಹೇಳಿಕೊಳ್ಳುವುದಿಲ್ಲ... ನಿನ್ನೆ ಇಬ್ಬರೂ ಒಟ್ಟಿಗೆ ಉಂಡೆವು. ಸರಿ, ನಾಳೆ ಅವನ ಹತ್ತಿರವೇ ಮಾತಾಡಿಸುತ್ತೇನೆ. ಆಮೇಲೆ ನೀನು ವಾಪಸ್ ಬಾ ಅನ್ನಬಾರದು.”

ನಾನು ಅದೇ ತಟ್ಟೆಯನ್ನು ಮತ್ತೆ ಮತ್ತೆ ತೊಳೆದೆ.

ಹಾಗಾದರೆ ಮೊದಲ ದಿನದಿಂದಲೇ ಅವನಿಗೆ ಗೊತ್ತಿತ್ತು. ನಕ್ಷೆ ತೋರಿಸುವಾಗ ಗೊತ್ತಿತ್ತು. ಖರ್ಜೂರ ಆಗುವುದಿಲ್ಲ ಎಂದಾಗ ಗೊತ್ತಿತ್ತು. ಅವನ ತಾಯಿಯ ಷರತ್ತೂ ನನಗೆ ಅರ್ಥವಾಯಿತು: ಮಗ ಅಲ್ಲಿ ಒಬ್ಬಂಟಿಯಾದರೆ ಓದು ಬಿಟ್ಟು ಮನೆಗೆ ಬರಬೇಕು, ಊರಿನವರು ಒಬ್ಬರಾದರೂ ಇದ್ದರೆ ಇರಬಹುದು. ಆ ಒಬ್ಬ ನಾನು. ಇದೆಲ್ಲ ಅರ್ಥವಾಗಿಯೂ ನನ್ನ ತಲೆಯಲ್ಲಿ ಓಡಿದ್ದು ಬೇರೆ. ತಾಯಿಗೆ ಗೊತ್ತಾಯಿತು. ತಾಯಿಯ ತಮ್ಮ ಜವಾಜಾತ್‌ನಲ್ಲಿದ್ದಾನೆ. ಹುಫೂಫ್‌ನ ಹಿಂದಿ, ಮಗ ಜಪಾನಿನಲ್ಲಿ ಓದುವಷ್ಟು ದೊಡ್ಡವನು, ಯಾರಿರಬಹುದು ಎಂದು ಊಟದ ಹೊತ್ತಿಗೆ ಒಂದು ಮಾತು ಬಂದರೆ ಸಾಕು.

ಬೀದಿಗೆ ಹೋಗಿ ಉಪ್ಪನಿಗೆ ಫೋನ್ ಮಾಡಿದೆ. ಅವರು ಯಾರದೋ ಮನೆಯಲ್ಲಿ ಏಣಿಯ ಮೇಲಿದ್ದರು.

“ಹೇಳು ಮೋನೇ, ಎಂತ ಆಯ್ತು? ಊಟ ಆಯ್ತಾ?”

ಎಲ್ಲ ಹೇಳಿದೆ. ಅವರು ಏಣಿ ಇಳಿದು ಹೊರಗೆ ಬಂದ ಸದ್ದು ಕೇಳಿತು.

“ಅವ ಒಳ್ಳೆಯವನೇ ಇರಬಹುದು,” ಎಂದರು ಉಪ್ಪ. “ಒಳ್ಳೆಯವರ ಹತ್ರವೇ ನಮ್ಮ ಬಾಯಿ ಸಡಿಲ ಆಗುದು. ಮಾರ್ಚ್ ಒಂದು ಕಳೀಲಿ. ತಂಗಿಯ ಪರೀಕ್ಷೆ ಮುಗಿದ ಮೇಲೆ ನೀನು ಅವನ ಹೆಗಲಿಗೆ ಕೈ ಹಾಕಿ ತಿರುಗು ಮಾರಾಯ, ಯಾರು ಬೇಡ ಹೇಳ್ತಾರೆ? ಈಗ ದೂರ ಇರು.”

“ಅವನ ಉಮ್ಮ ವಾಪಸ್ ಕರೆಸ್ತಾರಂತೆ ಉಪ್ಪ.”

“ಅವನಿಗೆ ವಾಪಸ್ ಹೋಗ್ಲಿಕ್ಕೆ ಒಂದು ಊರು ಉಂಟಲ್ಲ, ಮೋನೇ.”

ಈ ಕೊನೆಯ ಮಾತನ್ನು ಉಪ್ಪ ಆಡಿದರೋ, ನಾನು ವರ್ಷಗಟ್ಟಲೆ ನನಗೇ ಸಮಾಧಾನ ಹೇಳಿಕೊಳ್ಳುತ್ತ ಅವರ ಬಾಯಿಗೆ ಇಟ್ಟೆನೋ... ಹೋದ ಸಲ ಊರಿಗೆ ಹೋದಾಗ ಕೇಳಿದೆ. “ನಂಗೆ ಅಂಥ ದೊಡ್ಡ ಮಾತೆಲ್ಲ ಬರುದಿಲ್ಲ,” ಎಂದರು.

ಮರುದಿನ ಅದೇ ಏಳು ಗಂಟೆ. ಅಡುಗೆಮನೆಗೆ ಹೋಗದೆ ಇರಬಹುದಿತ್ತು. ಹೋದೆ. ತಪ್ಪಿಸಿಕೊಂಡರೆ ಸಂಶಯ ಬಂದೀತು ಎಂದು ಹೋದೆ ಅಂತ ಆಗ ಅಂದುಕೊಂಡಿದ್ದೆ. ಅವನು ಫೋನನ್ನು ನನ್ನ ಕಡೆ ಚಾಚಿ, “ಅಮ್ಮ. ಒಂದೇ ನಿಮಿಷ. ಸಲಾಂ ಹೇಳು ಸಾಕು,” ಎಂದು ಇಂಗ್ಲಿಷಿನಲ್ಲಿ ಹೇಳಿದ. ಪರದೆಯ ಮೇಲೆ ಮುಖ ಇರಲಿಲ್ಲ. ಒಂದು ಮನೆಯ ಛಾವಣಿ, ಅದರಲ್ಲಿ ತಿರುಗುತ್ತಿದ್ದ ಫ್ಯಾನು, ಮತ್ತು ದನಿ. ಬಾಗಿಲ ಹಿಂದಿನ ದನಿ. ನಾನು ಚಿಕ್ಕಂದಿನಿಂದ ಕೇಳಿದ ಎಲ್ಲ ದನಿಗಳೂ ಅದೇ.

“ಹೇಗಿದ್ದೀಯ ಮಗನೇ? ದೇವರು ನಿನ್ನನ್ನು ಕಾಪಾಡಲಿ. ಯಾರ ಮಗ ನೀನು?”

ಯಾರ ಮಗ ನೀನು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವುದೂ ಇದನ್ನೇ. ಮಾತು ಶುರು ಮಾಡುವುದಕ್ಕೆ ಕೇಳುವುದು. ಅದರಲ್ಲಿ ತನಿಖೆ ಏನೂ ಇರುವುದಿಲ್ಲ. ಇವತ್ತು ಗೊತ್ತಿದೆ. ಆವತ್ತೂ ಗೊತ್ತಿತ್ತು.

“ಸಾರಿ,” ಎಂದೆ ಇಂಗ್ಲಿಷಿನಲ್ಲಿ. “ನನಗೆ ಅರಬಿ ಬರುವುದಿಲ್ಲ. ನಾನು ಇಂಡಿಯಾದವನು.”

ಅವನು ಫೋನನ್ನು ನಿಧಾನವಾಗಿ ವಾಪಸ್ಸು ಎಳೆದುಕೊಂಡ. ಅತ್ತಲಿಂದ ತಾಯಿ ಕೇಳಿದಳು, “ನನಗೆ ಸುಳ್ಳು ಹೇಳಿದೆಯಾ?” ಅವನು ನನ್ನನ್ನು ನೋಡುತ್ತಲೇ ಉತ್ತರ ಕೊಟ್ಟ. “ಇಲ್ಲ ಯುಮ್ಮಾ. ನಾನೇ ತಪ್ಪು ತಿಳಿದೆ. ಇವನು ಬೇರೆ.”

ಇವನು ಬೇರೆ. ನನ್ನನ್ನು ಸಿಕ್ಕಿಸಲು ಬಂದವನು ಎಂದು ನಾನು ನಂಬಿದ್ದ ಮನುಷ್ಯ, ನನ್ನ ಸುಳ್ಳನ್ನು ತನ್ನ ತಲೆಯ ಮೇಲೆ ಎಳೆದುಕೊಂಡ. ಅದನ್ನು ನಾನು ಅರ್ಥವಾಗದವನ ಮುಖ ಮಾಡಿಕೊಂಡು ಕೇಳಿಸಿಕೊಂಡೆ.

ಆಮೇಲೆ ಹತ್ತು ದಿನವೋ ಎರಡು ವಾರವೋ. ಗೋಡೆಯ ಆಚೆ ಫೋನಿನ ಮಾತು ಹೆಚ್ಚಾಯಿತು, ಆಮೇಲೆ ಕಡಿಮೆಯಾಯಿತು, ಆಮೇಲೆ ಪೆಟ್ಟಿಗೆ ಎಳೆಯುವ ಸದ್ದು. ನನ್ನಿಂದಲೇ ಅವನು ಹೋದ ಎಂದು ಹೇಳುವುದರಲ್ಲೂ ಒಂದು ಜಂಬ ಇದೆಯೇನೋ. ಅವನಿಗೆ ಭಾಷೆ ಹತ್ತದೇ ಇರಬಹುದು. ಚಳಿ ಆಗದೇ ಇರಬಹುದು. ಆದರೆ ಈ ಬೇರೆ ಕಾರಣಗಳನ್ನು ಹುಡುಕಿದವನು ನಾನು. ಅವನ ಬಾಯಿಂದ ಒಂದನ್ನೂ ಕೇಳಿಲ್ಲ.

ಹೊರಡುವ ಬೆಳಿಗ್ಗೆ ಅವನು ಬಾಗಿಲಲ್ಲಿ ಕೂತು ಬೂಟಿನ ಲೇಸು ಕಟ್ಟುತ್ತಿದ್ದ. ನಾನು ತರಗತಿಗೆ ಹೊರಟವನು ಪಕ್ಕದಲ್ಲಿ ಕೂತು ಚಪ್ಪಲಿ ಬಿಚ್ಚಿದೆ. ಮೇಲ್ವಿಚಾರಕರು ಟ್ಯಾಕ್ಸಿಗೆ ಕಾಯುತ್ತ ಹೊರಗೆ ನಿಂತಿದ್ದರು. ಅವನು ತಲೆ ಎತ್ತದೆ, ಅರಬಿಯಲ್ಲಿ, ಪರದೇಶದವರಿಗೆ ಬಿಡಿಸಿ ಬಿಡಿಸಿ ಹೇಳುವ ಹಾಗಲ್ಲ, ಊರಿನವರ ಜೊತೆ ಆಡುವ ವೇಗದಲ್ಲಿ ಕೇಳಿದ:

“ಮನೆಗೆ ಏನಾದರೂ ಕೊಡುವುದಿದೆಯಾ? ತೆಗೆದುಕೊಂಡು ಹೋಗುತ್ತೇನೆ.”

ಗಲ್ಫಿನಲ್ಲಿ ಇದ್ದವರಿಗೆ ಈ ಮಾತಿನ ತೂಕ ಗೊತ್ತು. ಊರಿಗೆ ಹೊರಟವನು ಸುತ್ತಲಿನ ಎಲ್ಲರನ್ನೂ ಹೀಗೆ ಕೇಳುತ್ತಾನೆ. ಕೇಳದೆ ಹೊರಟವನನ್ನು ಜನ ಮರೆಯುವುದಿಲ್ಲ. ಒಬ್ಬರ ಔಷಧಿ, ಒಬ್ಬರ ಮಗುವಿನ ಅಂಗಿ, ಒಬ್ಬರ ಒಣಮೀನು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಹೋಗುತ್ತದೆ. ನಾನು ಬೆಳೆದದ್ದೇ ಆ ಪೊಟ್ಟಣಗಳ ನಡುವೆ. ಆದರೆ ಅವೆಲ್ಲ ನಮ್ಮ ನಮ್ಮವರ ನಡುವೆ ಓಡಾಡುವವು. ನನ್ನನ್ನು ಹೀಗೆ ಕೇಳಿದ ಸೌದಿಯವನು ಅವನೊಬ್ಬನೇ. ಹುಫೂಫ್ ಅನ್ನು ನನ್ನ ಮನೆ ಎಂದವನೂ ಅವನೊಬ್ಬನೇ.

ನಾನು ಇಲ್ಲ ಎಂದು ತಲೆ ಆಡಿಸಿದೆ.

ಆಡಿಸಿದ ಮೇಲೆ ತಿಳಿಯಿತು. ಅರ್ಥವಾಗದ ಪ್ರಶ್ನೆಗೆ ಯಾರೂ ತಲೆ ಆಡಿಸುವುದಿಲ್ಲ. ಅವನು ನಕ್ಕ. ನಕ್ಕನೇ? ನಕ್ಕ ಎಂದೇ ಇಟ್ಟುಕೊಂಡಿದ್ದೇನೆ. ಟ್ಯಾಕ್ಸಿ ಬಂತು. ಸಂಜೆ ಬಂದಾಗ ನನ್ನ ಬಾಗಿಲ ಹಿಡಿಯಲ್ಲಿ ಒಂದು ಚೀಲ ನೇತಾಡುತ್ತಿತ್ತು, ಮೇಲ್ವಿಚಾರಕರ ಕೈಯಲ್ಲಿ ಕೊಟ್ಟು ಹೋಗಿದ್ದಿರಬೇಕು. ಉಳಿದ ಕೆಂಪಕ್ಕಿ, ನಾಲ್ಕು ಊಟಕ್ಕೆ ಆಗುವಷ್ಟು. ಚೀಟಿ ಇರಲಿಲ್ಲ. ಅದನ್ನು ನಾನು ಬೇಯಿಸಲಿಲ್ಲ. ಎರಡು ವರ್ಷ ಕಪಾಟಿನಲ್ಲಿತ್ತು, ಹುಳ ಬಿತ್ತು, ಕೋಣೆ ಖಾಲಿ ಮಾಡುವಾಗ ಕಸಕ್ಕೆ ಹಾಕಿದೆ. ಆ ಹೊತ್ತಿಗೆ ಯಾವ ಕಸಕ್ಕೆ ಯಾವ ದಿನ ಎಂಬುದು ಚೆನ್ನಾಗಿ ಗೊತ್ತಿತ್ತು.

ತಂಗಿ ಪರೀಕ್ಷೆ ಬರೆದಳು, ಪಾಸಾದಳು, ಈಗ ಮಂಗಳೂರಿನಲ್ಲಿ ನರ್ಸು. ಉಪ್ಪನ ಇಕಾಮಾಕ್ಕೆ ಏನೂ ಆಗಲಿಲ್ಲ. ಒಂದು ದಿನ ತಾವೇ ಸಾಕು ಎಂದು ಕಾಗದ ಮುಗಿಸಿ ಊರಿಗೆ ಹೋದರು, ಕೊನೆಯ ದಿನದವರೆಗೂ ಮಾರಾಟ ವಿಭಾಗದ ಮ್ಯಾನೇಜರ್ ಆಗಿಯೇ. ನಾನು ಓದು ಮುಗಿಸಿ ಇಲ್ಲಿಗೇ ಕೆಲಸಕ್ಕೆ ಬಂದೆ. ನನ್ನ ಇಕಾಮಾದಲ್ಲಿ ಇಂಜಿನಿಯರ್ ಎಂದಿದೆ, ನಾನು ಮಾಡುವುದೂ ಅದನ್ನೇ. ನಮ್ಮ ಮನೆಯ ಮೊದಲ ನಿಜವಾದ ಇಕಾಮಾ.

ಅವನು ಇದೇ ಊರಿನಲ್ಲಿರಬಹುದು. ನಕ್ಷೆಯಲ್ಲಿ ಅವನು ತೋರಿಸಿದ ಜಾಗಕ್ಕೆ ಹೋಗಿ ನೋಡಿದೆ. ಅಲ್ಲಿ ಮನೆಗಳನ್ನು ಕೆಡವಿ ರಸ್ತೆ ಅಗಲ ಮಾಡಿದ್ದಾರೆ. ಅಥವಾ ನನಗೆ ಜಾಗ ತಪ್ಪಿದೆ. ಹಳೆಯ ನಂಬರಿಗೆ ಫೋನ್ ಹೋಗುವುದಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನಲ್ಲಿ ದುಂಡು ಮುಖ, ಕನ್ನಡಕ ಕಂಡರೆ ತಿರುಗಿ ನೋಡುತ್ತೇನೆ. ಈ ಊರಿನಲ್ಲಿ ದುಂಡು ಮುಖ, ಕನ್ನಡಕ ಬಹಳ. ಅವನು ಮತ್ತೆ ಎಲ್ಲಾದರೂ ಓದಿದನೋ ಇಲ್ಲವೋ ಗೊತ್ತಿಲ್ಲ. ಸತ್ತವರನ್ನು ಕಳೆದುಕೊಂಡೆವು ಎನ್ನುತ್ತೇವೆ. ಹತ್ತು ಮೈಲಿಯ ಒಳಗೆ ಎಲ್ಲೋ ಈಗ ಊಟಕ್ಕೆ ಕೂತಿರಬಹುದಾದವನನ್ನು ಏನೆನ್ನಬೇಕು? ಕಳೆದುಕೊಂಡೆ ಎಂದೇ ಅನ್ನಬೇಕು.

ಕಳೆದ ವಾರ ತಂದ ಅಕ್ಕಿ ಮುಗಿಯಿತು. ನಿನ್ನೆ ಇಳಿಹೊತ್ತಿನ ಅಸರ್ ನಮಾಜಿನ ನಂತರ ಮತ್ತೆ ಮಾರುಕಟ್ಟೆಗೆ ಹೋದೆ. ಮುದುಕಿ ತಕ್ಕಡಿ ಒರೆಸುತ್ತ ಕೂತಿದ್ದಳು. ಮುಖದ ಮೇಲೆ ಕಪ್ಪು ಪರದೆ, ಮದರಂಗಿ ಮಾಸಿದ ಬೆರಳುಗಳು.

“ಹೋದ ವಾರವೂ ಬಂದಿದ್ದೆಯಲ್ಲ,” ಎಂದಳು. “ಹಿಂದಿಗಳು ಇದನ್ನು ಕೊಳ್ಳುವುದಿಲ್ಲ. ಎಲ್ಲಿಯವನು ನೀನು?”

ನಾಲಗೆ ನನ್ನನ್ನು ಕೇಳಲಿಲ್ಲ. “ನನಗೆ ಅರಬಿ ಬರುವುದಿಲ್ಲ,” ಎಂದುಬಿಟ್ಟೆ. ಹೇಳಿದ್ದು ಅರಬಿಯಲ್ಲಿ. ಅದೂ ಅವಳ ಅರಬಿಯಲ್ಲಿ.

ಮುದುಕಿ ತಕ್ಕಡಿ ಕೆಳಗಿಟ್ಟು ನಕ್ಕಳು. ಪಕ್ಕದಲ್ಲಿ ರೊಟ್ಟಿ ಮಾರುತ್ತಿದ್ದವಳನ್ನು ಕರೆದು, “ಕೇಳಿದೆಯೇನೇ, ಅರಬಿ ಬರುವುದಿಲ್ಲವಂತೆ! ನಮ್ಮ ಅತ್ತೆ ಮಾತಾಡಿದ ಹಾಗಿದೆ,” ಎಂದಳು. ಇಬ್ಬರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ನಗುವಿನ ನಡುವೆಯೇ, ಬೇರೆ ಏನೂ ಮನಸ್ಸಿನಲ್ಲಿಲ್ಲದೆ ಕೇಳಿದಳು:

“ಯಾರ ಮಗ ನೀನು?”

ಉಪ್ಪನ ಹೆಸರು ಹೇಳಿದೆ. ಇದೇ ಹುಫೂಫ್‌ನಲ್ಲಿ ಇದ್ದರು ಎಂದೆ. ಎಸಿ ರಿಪೇರಿ ಮಾಡುತ್ತಿದ್ದರು, ಮನೆ ಮನೆಗೆ ಏಣಿ ಹೊತ್ತುಕೊಂಡು ಬರುತ್ತಿದ್ದರು, ಅವರ ಮಗ ಎಂದೆ. ಅಷ್ಟನ್ನೂ ಜೋರಾಗಿ ಹೇಳಿದೆ. ಪಕ್ಕದ ಅಂಗಡಿಯವನು ತಿರುಗಿ ನೋಡಿದ.

ಮುದುಕಿ ತಕ್ಕಡಿಯನ್ನು ಮತ್ತೆ ಕೈಗೆತ್ತಿಕೊಂಡಳು.

“ಗೊತ್ತಿಲ್ಲಪ್ಪ,” ಎಂದು ಅಕ್ಕಿ ತೂಗಿದಳು.